ದೇವರು ಬಾಯಿ ಮುಕ್ಕಳಿಸಿದ ನೀರು

ಅಣ್ಣನ ಮಗಳಿಗೆ ಮೂರೂವರೆ ವರ್ಷ ತುಂಬುವ ಹೊತ್ತಿಗೆ ಅವಳ ಮುಂದಿನ ಮೇಲುಹಲ್ಲುಗಳು ಕಂದು ಬಣ್ಣಕ್ಕೆ ತಿರುಗಿದ್ದವು. ಅದೇ ಕಾಲದಲ್ಲಿ ಅವಳ ಮಾಮಾನ ಅಂಗಿಯ ಕಿಸೆ ವಾರದಿಂದ ವಾರಕ್ಕೆ ಉಬ್ಬುತ್ತ ಹೋಗಿತ್ತು. ಇವೆರಡರ ನಡುವೆ ಕಾರ್ಯಕಾರಣ ಸಂಬಂಧವಿದೆ ಎಂದು ನಾನು ಮನೆಯಲ್ಲಿ ಎದುರಾದವರಿಗೆಲ್ಲ ಹೇಳುತ್ತಿದ್ದೆ. ಸಂಬಂಧ ಇರಲೇಬೇಕು ಎಂಬ ಆಸೆಯೂ ನನಗಿತ್ತು. ಅದನ್ನು ಯಾರಿಗೂ ಹೇಳಬೇಕಾಗಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಮಾಮಾ ಎಂದರೆ ಅತ್ತಿಗೆಯ ತಮ್ಮ. ವಯಸ್ಸಿನಲ್ಲಿ ನನಗಿಂತ ಕೆಲವೇ ತಿಂಗಳು ದೊಡ್ಡವನು. ಪಿಯುಸಿಯಲ್ಲಿ ಡುಮ್ಕಿ ಹೊಡೆದು, ಸಂಡೂರಿನ ಕಡೆ ಅದಿರು ಗುಡ್ಡೆ ಹಾಕುವ ಒಂದು ಸ್ಟಾಕ್‌ಯಾರ್ಡಿನಲ್ಲಿ, ಲಾರಿ ತೂಗುವ ಕಾಟಾದ ಹತ್ತಿರ ಸೂಪರ್‌ವೈಸರ್ ಆಗಿದ್ದ. ನಾನು ಹೊಸಪೇಟೆಯಲ್ಲಿ ಡಿಗ್ರಿಯ ಕೊನೆಯ ವರ್ಷ ಓದುತ್ತಿದ್ದೆ. ನನ್ನ ಹತ್ತಿರ ಚರ್ಚಾಸ್ಪರ್ಧೆಯ ಶೀಲ್ಡುಗಳಿದ್ದವು, ಒಂದು ಸೈಕಲ್ಲಿತ್ತು. ಅವನ ಹತ್ತಿರ ಕಂಪನಿಯ ಜೀಪಿತ್ತು, ಟಾರ್ಚ್ ಇರುವ ಮೊಬೈಲಿತ್ತು. ಆ ಕಾಲದಲ್ಲಿ ನಮ್ಮ ಊರಿನಲ್ಲಿ ಯಾವುದು ಯಾವುದನ್ನು ಸೋಲಿಸುತ್ತದೆ ಎಂದು ಮೂರೂವರೆ ವರ್ಷದ ಮಗುವಿಗೂ ತಿಳಿಯುತ್ತಿತ್ತು.

ಆದರೆ ಮಾತು ಕಲಿಸಿದವನು ನಾನು. ಅಣ್ಣ ಪಾಲುದಾರಿಕೆಯಲ್ಲಿ ಲಾರಿ ಮಾಡಿ, ಬಂದರಿಗೆ ಅದಿರು ಸಾಗಿಸುವ ಗದ್ದಲದಲ್ಲಿ ಮನೆ ಮರೆತಿದ್ದ. ಅತ್ತಿಗೆ ಇಂಗ್ಲಿಷ್ ಮೀಡಿಯಂ ಶಾಲೆಯೊಂದರಲ್ಲಿ ಟೀಚರು, ಬೆಳಿಗ್ಗೆ ಹೋದರೆ ಸಂಜೆಗೆ ಬರುವವಳು. ಮಗು ನನ್ನ ಅವ್ವನ ಕೈಯಲ್ಲಿ ಮತ್ತು ನನ್ನ ಕೈಯಲ್ಲಿ ಬೆಳೆಯಿತು. ಸೈಕಲ್ಲಿನ ಮುಂದಿನ ಬಾರ್ ಮೇಲೆ ಟವೆಲ್ ಸುತ್ತಿ ಕೂರಿಸಿಕೊಂಡು ಕಾಲುವೆಯ ದಂಡೆಗೆ ಕರೆದೊಯ್ದು, ‘ಇದು ಬಾಳಿ, ಇದು ಕಬ್ಬು, ಇದು ಎಮ್ಮಿ’ ಎಂದು ಜಗತ್ತನ್ನು ಪರಿಚಯ ಮಾಡಿಕೊಟ್ಟಿದ್ದು ಅವಳ ಕಾಕಾ ಆದ ನಾನು. ಭಾನುವಾರ ಜೀಪಿನ ಹಾರ್ನ್ ಕೇಳಿದ ಕೂಡಲೇ ಆ ಕಾಕಾನ ತೊಡೆಯಿಂದ ಜಾರಿ, ಬರಿಗಾಲಲ್ಲಿ ಅಂಗಳಕ್ಕೆ ಓಡುತ್ತಿದ್ದಳು.

“ಮಾಮಾ ಬಂದಾ!”

ಅವನು ಅವಳನ್ನು ಎತ್ತಿಕೊಳ್ಳುವುದು, ಅವಳು ಕಿಸೆಗೆ ಕೈ ಹಾಕುವುದು, ಒಂದೇ ಚಲನೆಯಲ್ಲಿ ಆಗುತ್ತಿತ್ತು. ಬಂಗಾರದ ಕಾಗದ ಸುತ್ತಿದ ಚಾಕೊಲೇಟು, ಬಾಯಲ್ಲಿ ಅಂಟುವ ಟಾಫಿ, ಕ್ರೀಮ್ ಬಿಸ್ಕೀಟು. ಅವನ ಕಿಸೆಯ ಒಳಗೂ ಕೆಂಪು ಧೂಳು. ಅವಳ ಬೆರಳಿಗೆ ಹತ್ತಿದ ಅದಿರು ಚಾಕೊಲೇಟಿನ ಜೊತೆಗೇ ಹೊಟ್ಟೆಗೆ ಹೋಗುತ್ತಿತ್ತು.

“ಆಕಿ ನಿನ್ನ ಹತ್ರ ಬರ್ಲಿಲ್ಲಪಾ,” ಎಂದೆ ಒಂದು ಭಾನುವಾರ. “ನಿನ್ನ ಕಿಸೇದ ಹತ್ರ ಬಂದ್ಲು. ತಿಳಕೊ.”

“ಅಲ್ಲೋ, ಕಿಸೆ ನಿನಗೂ ಅದಲ್ಲಾ? ಅದರಾಗ ಏನ್ ಇಟ್ಟೀ? ಪಾಯಿಂಟ್ಸಾ?”

ಕಟ್ಟೆಯ ಮೇಲೆ ಕುಳಿತ ಅಪ್ಪ ಕೂಡ ನಕ್ಕರು. ಅಂದಿನಿಂದ ಮಾಮಾನ ಬಾಯಲ್ಲಿ ನನ್ನ ಹೆಸರೇ ಪಾಯಿಂಟ್ಸ್ ಆಯಿತು. ಅವ್ವ ಒಳಗಿನಿಂದ, “ಬೀಗರ ಹುಡುಗಗ ಹಂಗ ಅನಬಾರ್ದು ಲೇ. ಎಷ್ಟ್ ಹೊಟ್ಟಿ ಉರಕೋತಿ?” ಎಂದಳು.

ಹೊಟ್ಟೆ ಉರಿಯುತ್ತಿತ್ತು, ಒಪ್ಪಿದೆ. ಆದರೆ ವಾದ ಮಾಡುವವನ ಹೊಟ್ಟೆಯ ಸ್ಥಿತಿಗೂ ವಾದದ ಸತ್ಯಕ್ಕೂ ಸಂಬಂಧವಿಲ್ಲ ಎಂಬುದು ಚರ್ಚೆಯ ಮೊದಲ ಪಾಠ. ಹೊಟ್ಟೆಕಿಚ್ಚಿನವನು ‘ಬೆಂಕಿ ಬಿತ್ತು’ ಎಂದು ಕೂಗಿದರೆ ಬೆಂಕಿ ಆರಿಹೋಗುವುದಿಲ್ಲ. ಮಗುವಿನ ಹಲ್ಲು ಹಾಳಾಗುತ್ತಿದ್ದುದು ನಿಜ. ಅದು ಇವನಿಂದ ಎಂದು ಸಾಬೀತಾಗಿಬಿಟ್ಟರೆ ನನಗೆ ಸುಖವಾಗುತ್ತಿದ್ದುದೂ ನಿಜ. ಎರಡನ್ನೂ ಒಟ್ಟಿಗೆ ಹೊತ್ತು ತಿರುಗಲು ನನಗೆ ಯಾವ ತೊಂದರೆಯೂ ಇರಲಿಲ್ಲ.

ನೋವು ಶುರುವಾಗಿದ್ದು ಮಂಡಾಳು, ಅಂದರೆ ಮಂಡಕ್ಕಿ, ತಿನ್ನುವಾಗ. ಸಂಜೆಯ ಹೊತ್ತು, ಮಂಡಾಳಿನಲ್ಲಿದ್ದ ಪುಟಾಣಿ ಕಡಲೆ ಕಡಿದವಳು ಕಿರುಚಿ, ಕೆನ್ನೆ ಹಿಡಿದುಕೊಂಡು ನೆಲಕ್ಕೆ ಕುಳಿತಳು. ಅವ್ವ ಲವಂಗದ ಎಣ್ಣೆ ಹಚ್ಚಲು ಹೋದಳು. ನಾನು ಬಾಯಿ ತೆರೆ ಎಂದೆ. ಅವಳು ತುಟಿಗಳನ್ನು ಒಳಗೆ ಮಡಚಿಕೊಂಡು ಬಾಯಿಗೆ ಬೀಗ ಹಾಕಿದಳು. ಆ ತುಟಿಗಳ ಮುಂದೆ ನಾನು ಅದೆಷ್ಟು ಹೊತ್ತು ಗೋಗರೆದೆನೋ! ಬ್ರಷ್ ಹಿಡಿದು ಬಂದಾಗಲೆಲ್ಲ ಇದೇ ಬೀಗ. ಮನೆಯಲ್ಲಿ ಎಲ್ಲರೂ ಅವಳ ಬಾಯಿಯ ಹತ್ತಿರ ಏನಾದರೂ ರುಚಿಯಾದದ್ದನ್ನು ತಂದರು. ಬ್ರಷ್ ತಂದವನು ನಾನೊಬ್ಬನೇ.

ಮಾರನೆಯ ದಿನ ಮಾಮಾ ಬಂದ. ಮೊಬೈಲಿನ ಟಾರ್ಚ್ ಹಾಕಿ, “ಎಲ್ಲಿ, ಆ ಅನ್ನು, ಒಳಗ ಇಲಿ ಅದ ಏನು ನೋಡೋಣು,” ಎಂದ. ಅವಳು ತಕ್ಷಣ ಬಾಯಿ ಅಗಲಿಸಿದಳು. ನನಗೆ ಎಂದೂ ತೋರಿಸದ ಅಷ್ಟೂ ಹಲ್ಲುಗಳನ್ನು ಅವನಿಗೆ ತೋರಿಸಿದಳು! ಅವನ ಹೆಗಲ ಮೇಲಿಂದ ನಾನೂ ಕದ್ದು ನೋಡಿದೆ. ಮುಂದಿನವು ಒಸಡಿನ ಹತ್ತಿರ ಸವೆದು ಮೊಂಡಾಗಿದ್ದವು. ಹಿಂದಿನ ಅಗಲವಾದ ಹಲ್ಲುಗಳ ನಡುವೆ ಕಪ್ಪು ಚುಕ್ಕೆಗಳು.

“ಅಕ್ಕಾ,” ಎಂದ ಮಾಮಾ, “ಒಳಗ ನಮ್ಮ ಗಣಿನೇ ಆಗ್ಯಾದಲ್ಲ! ಮೆಟ್ಟಿಲಾ ಮೆಟ್ಟಿಲಾ ತೋಡ್ಯಾರ.”

ಅತ್ತಿಗೆ ಅಳುವಿನ ನಡುವೆ ನಕ್ಕುಬಿಟ್ಟಳು. ನನಗೂ ನಗು ಬಂತು, ಜೊತೆಗೇ ಸಿಟ್ಟು. ಗಣಿಗಾರಿಕೆ ವರವೋ ಶಾಪವೋ ಎಂಬ ವಿಷಯದ ಮೇಲೆ ಎರಡೂ ಪಕ್ಷದಲ್ಲಿ ನಿಂತು ಗೆದ್ದವನು ನಾನು. ಆ ಹೋಲಿಕೆ ನನಗೆ ಹೊಳೆಯಬೇಕಿತ್ತು.

ದಂತವೈದ್ಯರ ಹತ್ತಿರ ಹೋಗುವುದಕ್ಕೆ ಅಪ್ಪನ ಆಕ್ಷೇಪ. “ಹಾಲಹಲ್ಲು. ಹೆಂಗೂ ಬಿದ್ದು ಹೋಗೂವು. ಅದಕ್ಕ್ಯಾಕ ಡಾಕ್ಟರು?”

“ಬಾಡಿಗಿ ಮನಿ ಅಂತ ಸೋರಲಿಕ್ಕೆ ಬಿಡ್ತೀರೇನಪಾ? ಇರೋ ತನಕ ಒಳಗ ಇರೋರು ನಾವೇ ಅಲ್ಲಾ?”

ಅಪ್ಪ ಶಲ್ಯ ಕೊಡವಿ ಒಳಗೆ ಹೋದರು. ಒಂದು ಪಾಯಿಂಟ್ ಬಂತು ಎಂದುಕೊಂಡು ಅತ್ತಿಗೆ, ಮಗುವಿನ ಜೊತೆ ಹೊರಟೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಭಾಷಣ ಸಿದ್ಧವಾಗುತ್ತಿತ್ತು. ಇವತ್ತು ಒಬ್ಬ ಪರಿಣತರ ಬಾಯಿಂದ ‘ಚಾಕೊಲೇಟು’ ಎಂಬ ಒಂದೇ ಪದ ಹೊರಬಿದ್ದರೆ ಸಾಕು. ಅತ್ತಿಗೆಯ ಎದುರಿಗೇ ಬೀಳಬೇಕು. ಆಮೇಲೆ ಭಾನುವಾರಗಳು ಮತ್ತೆ ನನ್ನವು.

ಕ್ಲಿನಿಕ್ಕಿನ ಬೆಂಚಿನ ಮೇಲೆ ನಮ್ಮ ಒಂದು ಪಕ್ಕದಲ್ಲಿ ಗಣಿ ಕ್ಯಾಂಪಿನಿಂದ ಬಂದ ಕೂಲಿ ಹೆಂಗಸು. ಕೂದಲ ಬೇರಿನಲ್ಲೂ ಕೆಂಪು. ತೊಡೆಯ ಮೇಲಿನ ಮಗು ಬಿಸ್ಕೀಟಿನ ಪೊಟ್ಟಣ ಹಿಡಿದಿತ್ತು. ಕೆಲಸದ ಹೊತ್ತಿನಲ್ಲಿ ಅಡಿಗೆ ಎಲ್ಲಿ ಮಾಡಲಿ, ಬಿಸ್ಕೀಟು ಕೊಟ್ಟರೆ ಸುಮ್ಮನಿರುತ್ತದೆ ಎಂದು ಅವಳು ಅತ್ತಿಗೆಗೆ ಹೇಳುತ್ತಿದ್ದಳು. ಇನ್ನೊಂದು ಪಕ್ಕದಲ್ಲಿ ಪಾಪಿನಾಯಕನಹಳ್ಳಿಯ ಕಡೆಯ ಒಬ್ಬಾಕೆ, ಹೊಲವನ್ನು ಸ್ಟಾಕ್‌ಯಾರ್ಡಿಗೆ ಬಾಡಿಗೆ ಕೊಟ್ಟವರ ಪೈಕಿ. ಮಗನ ಕೊರಳಲ್ಲಿ ಚಿನ್ನದ ಸರ, ಕೈಯಲ್ಲಿ ಬಾಟಲಿ ಜ್ಯೂಸು. “ಏನ್ ಬೇಡ್ತಾನ ಅದು ಕೊಡಸ್ತಾರ್ರೀ ಇವರಪ್ಪ. ತಮಗ ಸಣ್ಣಾಗಿದ್ದಾಗ ಸಿಗಲಿಲ್ಲಂತ,” ಎಂದಳು. ಹಲ್ಲು ಹಾಳು ಮಾಡುವುದು ಬಡತನವೋ ಸಿರಿತನವೋ? ಕಾಲೇಜಿನಲ್ಲಾದರೆ ಯಾವ ಪಕ್ಷ ಕೊಟ್ಟರೂ ಗೆಲ್ಲುತ್ತಿದ್ದೆ. ಬೆಂಚಿನ ಮೇಲೆ ಮೂರು ಮಕ್ಕಳೂ ಒಂದೇ ಬಣ್ಣದ ಹಲ್ಲು ಬಿಟ್ಟುಕೊಂಡು ಒಬ್ಬರನ್ನೊಬ್ಬರು ನೋಡುತ್ತಿದ್ದವು. ನಮ್ಮವಳು ಆ ಹುಡುಗನ ಜ್ಯೂಸಿನ ಬಾಟಲಿಗೆ ಕೈ ಚಾಚಿದಳು. ಅವನು ಕೊಡಲಿಲ್ಲ. ಒಳ್ಳೆಯದಾಯಿತು.

ಡಾಕ್ಟರಮ್ಮ ಸಣ್ಣ ಕನ್ನಡಿ ಒಳಗಿಟ್ಟು ನೋಡಿದರು. ಇವರಿಗೂ ಬಾಯಿ ತೆರೆದಳು, ಬಿಡಿ. ನಾನು ಕಾಯಲಾರದೆ, “ಮೇಡಂ, ಚಾಕೊಲೇಟು ಭಾಳ ತಿಂತಾಳ್ರಿ. ಒಬ್ಬರು ವಾರಾ ವಾರಾ ತಂದು ಕೊಡ್ತಾರ,” ಎಂದೆ.

ಅವರು ನನ್ನ ಕಡೆ ತಿರುಗದೆ ಅತ್ತಿಗೆಯನ್ನು ಕೇಳಿದರು. “ರಾತ್ರಿ ಮಲಗೂ ಮುಂದ ಏನ್ ಕುಡೀತಾಳ?”

“ಹಾಲು.”

“ಸಕ್ಕರಿ ಹಾಕಿ?”

“ಕಲ್ಲುಸಕ್ಕರಿ ಹಾಕಿರ್ತಾರ್ರೀ. ದೇವರ ಹಾಲು ಅದು.”

“ಕುಡದ ಮ್ಯಾಲೆ ಬಾಯಿ ಮುಕ್ಕಳಿಸ್ತಾಳೇನು? ನೀರು?”

ಅತ್ತಿಗೆ ನನ್ನ ಮುಖ ನೋಡಿದಳು. ಆ ಪ್ರಶ್ನೆಗೆ ಅವಳು ಉತ್ತರಿಸಿದರೆ ಅತ್ತೆಯ ಮೇಲೆ ದೂರು ಹೇಳಿದಂತೆ. ನಾನೇ ಹೇಳಿದೆ. “ಪ್ರಸಾದ ಅಲ್ರೀ. ಮುಕ್ಕಳಿಸಂಗಿಲ್ಲ.”

ನಮ್ಮ ಮನೆಯ ಪದ್ಧತಿ ಅದು. ಅಪ್ಪ ಅಣೆಕಟ್ಟಿನ ಆಫೀಸಿನಿಂದ ನಿವೃತ್ತರಾದ ಮೇಲೆ ದಿನದ ಎಲ್ಲ ಗಡಿಯಾರವನ್ನೂ ಪೂಜೆಗೆ ಹೊಂದಿಸಿಕೊಂಡಿದ್ದರು. ಸಂಜೆ ಕತ್ತಲಾದ ಮೇಲೆ ಹಿತ್ತಾಳೆಯ ಪುಟ್ಟ ಕೃಷ್ಣನನ್ನು ತೊಟ್ಟಿಲಲ್ಲಿ ಮಲಗಿಸುವುದು. ಅದಕ್ಕೆ ಮುಂಚೆ ಏಲಕ್ಕಿ, ಕಲ್ಲುಸಕ್ಕರೆ ಹಾಕಿ ಕಾಯಿಸಿದ ಹಾಲು ಅವನಿಗೆ ನೈವೇದ್ಯ. ಆ ಹಾಲು ಮೊಮ್ಮಗಳಿಗೆ. ಅವ್ವನ ಮಡಿಲಲ್ಲಿ ಮಲಗಿ ಕುಡಿದು, ತಳದಲ್ಲಿ ಉಳಿದ ಸಕ್ಕರೆಯ ಹರಳನ್ನು ಕೆನ್ನೆಯಲ್ಲಿಟ್ಟುಕೊಂಡು ಅವಳು ನಿದ್ದೆ ಹೋಗುತ್ತಿದ್ದಳು. ಪ್ರಸಾದ ತೆಗೆದುಕೊಂಡು ಉಗುಳುವುದೆಂದರೆ ಅಪಚಾರ. ಅಲ್ಲಿಗೂ ಮುಗಿಯುತ್ತಿರಲಿಲ್ಲ. ಅದಿರಿನ ಲಾರಿಗಳು ನಮ್ಮ ತಿರುವಿನಲ್ಲಿ ಗೇರ್ ಬದಲಿಸುವ ಸದ್ದಿಗೆ ಮಗು ಬೆಚ್ಚಿ ಏಳುತ್ತಿತ್ತು. ಆಗ ಅವ್ವ ಉಳಿದ ಹಾಲನ್ನು ಬಾಟಲಿಗೆ ಹಾಕಿ ಬಾಯಿಗಿಡುತ್ತಿದ್ದಳು. ನಮ್ಮ ಸಾಲಿನ ಎಷ್ಟೋ ಮನೆಗಳಲ್ಲಿ ಮಕ್ಕಳನ್ನು ಹೀಗೆಯೇ ಮಲಗಿಸುತ್ತಿದ್ದರು. ಲಾರಿ ನಿಲ್ಲಿಸುವವರು ಯಾರೂ ಇರಲಿಲ್ಲ, ಬಾಟಲಿ ಕೈಗೆ ಸಿಗುತ್ತಿತ್ತು.

“ನಿದ್ದಿಯೊಳಗ ಬಾಯಾಗ ಜೊಲ್ಲು ಕಡಿಮಿ,” ಎಂದರು ಡಾಕ್ಟರಮ್ಮ. “ತೊಳೀಲಿಕ್ಕೆ ಯಾರೂ ಇರಂಗಿಲ್ಲ. ಸಿಹಿ ಅಲ್ಲೇ ಕುಂದರ್ತದ. ಮುಂದಿನ ಹಲ್ಲು ಹೋದಂಗೇ. ಹಿಂದಿನ ದವಡಿ ಹಲ್ಲು ಈಗ ಶುರು ಆಗ್ಯಾವ. ಅವನ್ನಾರ ಉಳಿಸಿಕೊಳ್ರಿ, ಇನ್ನೂ ಭಾಳ ವರ್ಷ ಬೇಕು ಅವು. ರಾತ್ರಿದು ನಿಲ್ಲಲಿಲ್ಲ ಅಂದ್ರ ಬಳ್ಳಾರಿಗೆ ಒಯ್ದು, ಮತ್ತಿನ ಔಷಧ ಕೊಟ್ಟು ಕೀಳಸಬೇಕಾಗ್ತದ.”

“ಮತ್ತ ಚಾಕೊಲೇಟು?” ಎಂದೆ.

“ಅದೂ ಬ್ಯಾಡ. ಸಿಹಿ ಕೊಡೋದಿದ್ರ ಊಟದ ಜೋಡಿ ಕೊಡ್ರಿ, ನಡುನಡುವ ಬ್ಯಾಡ. ಆದ್ರ ಮೊದಲು ರಾತ್ರಿ ಹಾಲು.”

ನಿರಾಸೆಯಾಯಿತು. ಮಾಮಾನನ್ನು ಕಟಕಟೆಯಲ್ಲಿ ನಿಲ್ಲಿಸಿದ್ದೆ. ಅವನು ಎರಡನೆಯ ಆರೋಪಿಯಾಗಿ ಕೆಳಗಿಳಿದ. ಬೆರಳು ನಮ್ಮ ದೇವರ ಕೋಣೆಯ ಕಡೆ, ನನ್ನ ಅವ್ವನ ಮಡಿಲಿನ ಕಡೆ ತಿರುಗಿತು.

ಮನೆಯಲ್ಲಿ ವಿಷಯ ಎತ್ತಿದವನೂ ನಾನೇ. ಸೊಸೆಯ ಬಾಯಿಂದ ಬರುವ ಮಾತಲ್ಲ ಅದು.

“ದೇವರ ಹಾಲಿನಿಂದ ಹಲ್ಲು ಹುಳುಕತಾವ?” ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. “ನಿಮ್ಮಪ್ಪ ಕುಡದು ಬೆಳದ್ರು, ನಿಮ್ಮಣ್ಣ ಬೆಳದ. ನೀನೂ ಕುಡದೀ. ಏನಾಗ್ಯಾವ ನಿನ್ನ ಹಲ್ಲು? ಕಡೀಲಿಕ್ಕೆ ಬರೂವಷ್ಟು ಗಟ್ಟಿ ಅವ.”

“ಅವ್ವಾ, ಆವಾಗ ದಿನಕ್ಕ ಅದೊಂದೇ ಸಿಹಿ. ಈಗ ಬಿಸ್ಕೀಟು, ಚಾಕೊಲೇಟು, ಐಸ್ ಕ್ಯಾಂಡಿ, ಆಮ್ಯಾಲೆ ಅದು, ಅದರ ಮ್ಯಾಲೆ ಬಾಟ್ಲಿ. ಲಾರಿ ಬ್ಯಾರೆ ಇರ್ಲಿಲ್ಲ.”

“ಹಂಗಾದ್ರ ಉಳಿದದ್ದೆಲ್ಲಾ ಬಿಡಸು. ಎಲ್ಲಾರದೂ ಇರ್ಲಿ, ದೇವರದೊಂದು ಬ್ಯಾಡ ಅಂದ್ರ ಯಾವ ನ್ಯಾಯ?”

ಇದು ಒಳ್ಳೆಯ ಪಾಯಿಂಟು. ನಾನು ತೀರ್ಪುಗಾರನಾಗಿದ್ದರೆ ಅವ್ವನಿಗೇ ಕೊಡುತ್ತಿದ್ದೆ. ಸಕ್ಕರೆ ಇಲ್ಲದೆ ನೈವೇದ್ಯ ಮಾಡಿ ಎಂದೆ. “ಸ್ವಾಮಿಗೆ ಸಪ್ಪನ್ನ ಹಾಲೇನು?” ಎಂದರು ಅಪ್ಪ. ಹಾಗಾದರೆ ಸ್ವಾಮಿಯನ್ನು ಬೇಗ ಮಲಗಿಸಿ, ಆಮೇಲೆ ಊಟವಾಗಲಿ, ಹಲ್ಲು ಉಜ್ಜಿಸೋಣ ಎಂದೆ. ಸ್ವಾಮಿ ನಿನ್ನ ಡಾಕ್ಟರ ಟೈಮಿಗೆ ಮಲಗುವುದಿಲ್ಲ ಎಂದರು. ಕುಡಿದ ಮೇಲೆ ಒಂದು ಗುಟುಕು ನೀರಲ್ಲಿ ಮುಕ್ಕಳಿಸಲಿ ಎಂದಾಗ ಅವ್ವ ಎರಡೂ ಕಿವಿ ಮುಚ್ಚಿಕೊಂಡಳು. “ಪ್ರಸಾದ ಉಗಳ್ತಾರೇನೋ, ಪಾಪಿ!”

ಆ ವಾರ ಕಂಪ್ಲಿಯ ಕಾಲೇಜೊಂದರಲ್ಲಿ ನಾನು ಇನ್ನೊಂದು ಶೀಲ್ಡ್ ಗೆದ್ದೆ. ಮನೆಗೆ ತಂದು ಕಪಾಟಿನ ಮೇಲಿಟ್ಟೆ. ಕೆಳಗೆ ಮಗು ಕೆನ್ನೆಗೆ ಕೈಯಿಟ್ಟುಕೊಂಡು ಅಳುತ್ತಿತ್ತು.

ಅತ್ತಿಗೆ ಒಂದು ಸಂಜೆ ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು, ತೂಕಡಿಸುತ್ತಿದ್ದ ಅವ್ವನ ಮಡಿಲಲ್ಲಿ ನಿದ್ದೆ ಹೋದವಳ ಒಸಡನ್ನು ಸದ್ದಿಲ್ಲದೆ ಒರೆಸಲು ನೋಡಿದಳು. ಮಗು ಎಚ್ಚರಗೊಂಡು ಬೆರಳು ಕಚ್ಚಿತು. ಅವ್ವ ನೋಡಿದಳು.

“ನನ್ನ ಮಡಿಲಾಗ ಮಲಗಿದ ಕೂಸಿನ ಬಾಯಿ ಒರಸ್ತೀಯೇನು? ನಾ ಏನ್ ವಿಷಾ ಹಾಕೀನೇನು?”

ಅದಾದ ಮೇಲೆ ಇಬ್ಬರ ನಡುವೆ ಅಗತ್ಯದ ಮಾತು ಮಾತ್ರ. ‘ಕುಕ್ಕರ್ ಇಳಸು’, ‘ಇಳಸೀನಿ’. ಆಗ ನನಗೆ ಅನ್ನಿಸಿದ್ದು: ಈ ಮನೆಯಲ್ಲಿ ಹೊಟ್ಟೆ ಉರಿ ನನಗೊಬ್ಬನಿಗೇ ಇಲ್ಲ. ದಿನವೆಲ್ಲ ಬೇರೆ ಮಕ್ಕಳಿಗೆ ಪಾಠ ಹೇಳಿ ಬರುವ ಅತ್ತಿಗೆಗೆ, ತನ್ನ ಮಗಳು ತನ್ನ ಪಕ್ಕದಲ್ಲಿ ಮಲಗುವುದಿಲ್ಲ ಎಂಬ ಉರಿ. ಅವ್ವನಿಗೆ, ಚಾಕೊಲೇಟಿನ ಎದುರಿಗೆ ತನ್ನ ಹತ್ತಿರ ಉಳಿದಿರುವುದು ಆ ಒಂದು ಲೋಟ ಹಾಲು ಎಂಬ ಉರಿ. ತಿಂಗಳಿಗೊಮ್ಮೆ ಬಂದು ಬಿಸ್ಕೀಟಿನ ಡಬ್ಬವನ್ನೇ ಇಳಿಸಿ ಹೋಗುವ ಅಣ್ಣನಿಗೆ ಏನಿತ್ತೋ, ಕೇಳಿಲ್ಲ. ಎಲ್ಲರೂ ಆ ಮಗುವಿನ ಎದೆಗೆ ಬಾಯಿಯ ದಾರಿಯಿಂದಲೇ ಇಳಿಯಲು ಹೊರಟಿದ್ದರು, ದಾರಿಯ ಹಲ್ಲುಗಳು ಸವೆಯುತ್ತಿದ್ದವು.

ಇದೆಲ್ಲ ತಿಳಿದಿದ್ದರಿಂದ ಮಾಮಾನ ಮೇಲಿನ ನನ್ನ ಸಿಟ್ಟು ಕಡಿಮೆಯಾಯಿತೇ? ಇಲ್ಲ.

ಒಂದು ಶನಿವಾರ ಅವನು ಸಂಜೆಯೇ ಬಂದ. ಅವತ್ತು ಡ್ಯೂಟಿ ಮುಗಿಸಿ ಊಟ ಮಾಡಿರಲಿಲ್ಲ. ನಮ್ಮ ಮನೆಯಲ್ಲಿ ದೇವರು ಮಲಗುವ ತನಕ ಎಲೆ ಹಾಕುವುದಿಲ್ಲ. ಅವನು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ದೇವರ ಕೋಣೆಯ ಹೊಸ್ತಿಲ ಹೊರಗೆ ಗೋಡೆಗೆ ಒರಗಿ ಕುಳಿತ. ಹಸಿವಿಗೆ ಕೋಣೆಯೊಳಗೆ ಏನು ನಡೆಯುತ್ತಿದೆ ಎಂದು ಮಿಕಿಮಿಕಿ ನೋಡುತ್ತಿದ್ದ. ನಾನು ಎದುರು ಗೋಡೆಗೆ ಕುಳಿತು, ಅವನನ್ನು ನೋಡುತ್ತಿದ್ದೆ.

ಅಪ್ಪ ಹಾಲಿನ ಲೋಟ ಕೃಷ್ಣನ ಮುಂದಿಟ್ಟು ಮಂತ್ರ ಹೇಳಿದರು. ಆಮೇಲೆ ಪೂಜೆಯ ಚಮಚದಿಂದ ಒಂದೊಂದೇ ಉದ್ಧರಣೆ ನೀರನ್ನು ತಟ್ಟೆಗೆ ಬಿಡುತ್ತ ಹೋದರು. ನಾನು ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು.

“ಮಾವಾರ,” ಎಂದ ಮಾಮಾ, “ಹಾಲು ಕುಡಿಸಿದಿರಿ, ತಿಳೀತು. ಈ ನೀರು ಯಾಕ್ರಿ ತಿರುತಿರುಗಿ ಬಿಡೋದು?”

ಗಂಡುಮಕ್ಕಳಾದ ನಾವಿಬ್ಬರೂ ಎಂದೂ ಕೇಳದ ಪ್ರಶ್ನೆಯನ್ನು ಬೀಗರ ಹುಡುಗ ಕೇಳಿದನೆಂದು ಅಪ್ಪನಿಗೆ ಖುಷಿಯಾಯಿತು. ಅರ್ಧ ತಿರುಗಿ ವಿವರಿಸಿದರು. “ಇದು ಸ್ವಾಮಿ ಕೈ ತೊಳಕೊಳ್ಳಿಕ್ಕೆ. ಇದು ಗಂಡೂಷ.”

“ಗಂಡೂಷ ಅಂದ್ರ?”

“ಬಾಯಿ ಮುಕ್ಕಳಿಸೋದಪಾ. ಉಂಡ ಮ್ಯಾಲೆ ಸ್ವಾಮಿ ಬಾಯಿ ಮುಕ್ಕಳಿಸಬ್ಯಾಡೇನು?”

“ಹೌದಲ್ರೀ. ಮುಕ್ಕಳಿಸಬೇಕು ಬಿಡ್ರಿ,” ಎಂದ ಮಾಮಾ, ಅಡಿಗೆಮನೆಯ ಕಡೆ ನೋಡುತ್ತ. ಆಣೆ ಮಾಡಿ ಹೇಳಬಲ್ಲೆ, ಅವನ ತಲೆಯಲ್ಲಿ ಆಗ ಇದ್ದದ್ದು ಬದನೆಕಾಯಿ ಎಣಗಾಯಿ. ಬೇರೇನೂ ಇರಲಿಲ್ಲ.

ನಾನು ಎದ್ದು ನಿಂತುಬಿಟ್ಟೆ. “ಅಪ್ಪಾ! ಸ್ವಾಮಿ ಹಾಲು ಕುಡದು ಬಾಯಿ ಮುಕ್ಕಳಿಸ್ತಾನ. ಅದೇ ಹಾಲು ಕುಡದು ಈಕಿ ಮುಕ್ಕಳಿಸಬಾರ್ದಾ? ಈಕಿ ಏನ್ ಸ್ವಾಮಿಗಿಂತ ದೊಡ್ಡಾಕೀನಾ?”

ಅಪ್ಪನ ಕೈಯಲ್ಲಿದ್ದ ಚಮಚ ಗಾಳಿಯಲ್ಲೇ ನಿಂತಿತು. ಬಾಗಿಲಲ್ಲಿದ್ದ ಅವ್ವ ಅಪ್ಪನ ಮುಖ ನೋಡಿದಳು. ಅತ್ತಿಗೆ ಅಡಿಗೆಮನೆಯಿಂದ ಸೌಟು ಹಿಡಿದೇ ಬಂದು ನಿಂತಳು.

“ಉಗಳೋದು ಬ್ಯಾರೆ, ಗಂಡೂಷ ಬ್ಯಾರೆ,” ಎಂದರು ಅಪ್ಪ, ತಮಗೆ ತಾವೇ ಎಂಬಂತೆ.

“ಅದಕ್ಕೇ ಅಂತೀನಿ. ಈಕೀದು ಗಂಡೂಷ ಆಗ್ಲಿ.”

ಅಪ್ಪ ಕೃಷ್ಣನ ಕಡೆ ನೋಡಿದರು, ಮೊಮ್ಮಗಳ ಕಡೆ ನೋಡಿದರು. ತಲೆ ತುರಿಸಿಕೊಂಡರು. ಕೊನೆಗೆ, “ಹಾಲಾದ ಮ್ಯಾಲೆ ಬಟ್ಟಲದಾಗ ಮುಕ್ಕಳಿಸಲಿ. ಆ ನೀರು ಬಚ್ಚಲಿಗೆ ಬ್ಯಾಡ, ಪ್ರಸಾದ ಇರ್ತದ. ಹಿತ್ತಲ ಬಾಳಿಗಿಡಕ್ಕ ಹಾಕ್ರಿ,” ಎಂದರು. ತೀರ್ಪು ಕೊಟ್ಟ ಮೇಲೆ ಅದರ ರುಚಿ ಹತ್ತಿರಬೇಕು, ಅವ್ವನ ಕಡೆ ತಿರುಗಿ ಮುಂದುವರಿಸಿದರು. “ಮತ್ತ ಸ್ವಾಮಿ ಮಲಗಿದ ಮ್ಯಾಲೆ ನಡುರಾತ್ರಿ ಎದ್ದು ಬಾಟ್ಲಿ ಕೇಳ್ತಾನೇನು? ಇಲ್ಲಲ್ಲಾ. ಲಾರಿ ಬಂದು ಎಬ್ಬಿಸಿದ್ರ ಈಕಿಗೆ ಬರೇ ನೀರು ಕೊಡು.”

ಅವ್ವನಿಗೆ ನನ್ನ ಮಾತು ಅಪಮಾನವಾಗಿತ್ತು, ಡಾಕ್ಟರ ಮಾತು ಆರೋಪವಾಗಿತ್ತು. ಇದು ಪದ್ಧತಿಯಾಗಿ ಬಂತು, ಕೈಚಾಚಿ ತೆಗೆದುಕೊಂಡಳು. ಅವತ್ತೇ ಬೆಳ್ಳಿಯ ಬಟ್ಟಲೊಂದನ್ನು ಹುಣಸೆಹಣ್ಣಿನಿಂದ ತಿಕ್ಕಿ ತಂದು ಮೊಮ್ಮಗಳ ಮುಂದೆ ಹಿಡಿದಳು. ಮಗು ಬಾಯಿ ತುಂಬ ನೀರು ತುಂಬಿಕೊಂಡು, ಕೆನ್ನೆ ಉಬ್ಬಿಸಿ, ಗಳಗಳ ಮಾಡಿ, ಬಟ್ಟಲಿಗೆ ಅರ್ಧ ಮಾಮಾನ ಅಂಗಿಗೆ ಅರ್ಧ ಬಿಟ್ಟಿತು. ಎಲ್ಲರೂ ನಕ್ಕರು. ಅತ್ತಿಗೆ ಮತ್ತು ಅವ್ವ ಒಬ್ಬರ ಮುಖ ಒಬ್ಬರು ನೋಡಿ ನಕ್ಕಿದ್ದನ್ನು ನಾನು ಕಂಡೆ. ದೇವರಿಗೆ ಬೆಳಿಗ್ಗೆ ದಂತಧಾವನವೂ ಉಂಟು ಎಂಬುದನ್ನು ನೆನಪಿಸಿ, ಬಿಸಿಯಿರುವಾಗಲೇ ಬ್ರಷ್ಷಿನ ವಿಷಯವನ್ನೂ ತೀರ್ಮಾನ ಮಾಡಿಸಿಕೊಂಡೆ. ಬೆಳಿಗ್ಗೆ ಅವ್ವ, ಹಾಲಾದ ಮೇಲೆ ಅತ್ತಿಗೆ ಉಜ್ಜಿಸುವುದು. ಅತ್ತಿಗೆಗೆ ಮಗಳನ್ನು ತನ್ನ ಪಕ್ಕದಲ್ಲಿ ಮಲಗಿಸಿಕೊಳ್ಳಲು ಒಂದು ಕಾರಣವೂ ಸಿಕ್ಕಿತು.

ಈಗ ನೋಡಿ. ಎದ್ದು ನಿಂತು ವಾದ ಮಾಡಿದವನು ಯಾರು? ‘ಸ್ವಾಮಿಗಿಂತ ದೊಡ್ಡಾಕೀನಾ’ ಎಂದವನು ಯಾರು? ಮಾರನೆಯ ಬೆಳಿಗ್ಗೆ ಅವ್ವ ಪಕ್ಕದ ಮನೆಯವರಿಗೆ ಕಾಂಪೌಂಡ್ ಮೇಲಿಂದ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. “ನಮ್ಮ ಬೀಗರ ಹುಡುಗ ಭಾಳ ಶಾಣ್ಯಾ ನೋಡ್ರಿ. ದೇವರ ಮುಂದ ಕುಂತು ಎಂಥಾ ಮಾತು ಕೇಳಿದ! ನಮ್ಮವ ಬರೇ ಒದರ್ತಾನ.”

“ಅವ್ವಾ, ಅವ ಕೇಳಿದ್ದು ಊಟ ಯಾವಾಗ ಅಂತ. ವಾದ ಮಾಡಿದ್ದು ನಾನು!”

“ನೀ ಯಾವಾಗ ಮಾಡಂಗಿಲ್ಲ?” ಎಂದಳು.

ಆ ಮಂತ್ರವನ್ನು ನಾನು ಸಾವಿರ ಸಂಜೆ ಕೇಳಿದ್ದೆ. ಅದರ ಅರ್ಥವೂ ಗೊತ್ತಿತ್ತು, ಸಂಸ್ಕೃತದಲ್ಲಿ ಒಳ್ಳೆಯ ಅಂಕ ತೆಗೆದವನು ನಾನು. ಅವನಿಗೆ ಏನೂ ಗೊತ್ತಿರಲಿಲ್ಲ, ಹಾಗಾಗಿ ಕೇಳಿದ. ಗೊತ್ತಿಲ್ಲದಿರುವುದೂ ಒಂದು ಪ್ರತಿಭೆ ಎಂದು ಹೊಗಳುವ ಜನರ ನಡುವೆ ನಾನು ಹುಟ್ಟಿದ್ದೆ. ಆ ವಾರ ಅವನ ಮೇಲೆ ನನಗಾದ ಹೊಟ್ಟೆಕಿಚ್ಚಿನ ಮುಂದೆ ಜೀಪು, ಮೊಬೈಲು ಎಲ್ಲ ಏನೂ ಅಲ್ಲ.

ಆದರೆ ಡಾಕ್ಟರಮ್ಮನ ಎರಡನೆಯ ಮಾತು ಇನ್ನೂ ನನ್ನ ಕೈಯಲ್ಲಿತ್ತು. ನಡುನಡುವೆ ಸಿಹಿ ಬೇಡ. ಸ್ಟಾಕ್‌ಯಾರ್ಡಿಗೆ ನಾನೇ ಫೋನ್ ಮಾಡಿದೆ.

“ಇನ್ನ ಮ್ಯಾಲೆ ಬರೇ ಕೈಲೆ ಬರಬೇಕು. ಡಾಕ್ಟರ ಆರ್ಡರು.”

“ಆತು ಬಿಡಲೇ ಪಾಯಿಂಟ್ಸ್. ಅದಕ್ಕ್ಯಾಕ ಇಷ್ಟು ಖುಷೀಲೆ ಹೇಳ್ತಿ?”

ಖುಷಿಗೆ ಕಾರಣವಿತ್ತು. ‘ಆಕಿ ಬರೋದು ಕಿಸೇದ ಹತ್ರ’ ಎಂಬ ನನ್ನ ವಾದಕ್ಕೆ ಇಷ್ಟು ದಿನ ಪುರಾವೆ ಇರಲಿಲ್ಲ. ಕಿಸೆ ಖಾಲಿ ಮಾಡಿ ನೋಡುವುದೊಂದೇ ಪರೀಕ್ಷೆ. ಅದಕ್ಕಾಗಿ ಕಾಯುತ್ತಿದ್ದೆ. ಅವನಿಗೆ ಸ್ಟಾಕ್‌ಯಾರ್ಡಿನಲ್ಲಿ ರಜೆಯೇ ಸಿಗದೆ, ಆ ದಿನ ಬಹಳ ತಡವಾಗಿ ಬಂತು. ಅಷ್ಟರೊಳಗೆ ನಾವು ಮಗುವನ್ನು ಮತ್ತೆ ಕ್ಲಿನಿಕ್ಕಿಗೆ ಕರೆದೊಯ್ದಿದ್ದೆವು. ಹಿಂದಿನ ಹಲ್ಲುಗಳ ಕಪ್ಪು ಮುಂದೆ ಹೋಗಿಲ್ಲ, ಅವು ಉಳಿಯುತ್ತವೆ, ಬಳ್ಳಾರಿಗೆ ಹೋಗಬೇಕಿಲ್ಲ ಎಂದು ಡಾಕ್ಟರಮ್ಮ ಹೇಳಿ ಸಣ್ಣ ಗುಳಿಗಳನ್ನು ತುಂಬಿದ್ದರು. “ಯಾರು ಬಾಯಿ ಮುಕ್ಕಳಿಸ್ಲಿಕ್ಕೆ ಕಲಿಸಿದ್ರು?” ಎಂದು ಅವರು ಕೇಳಿದ್ದಕ್ಕೆ ಮಗು ಕೊಟ್ಟ ಉತ್ತರವನ್ನು ನಾನು ಇಲ್ಲಿ ಬರೆಯುವುದಿಲ್ಲ.

ಜೀಪಿನ ಹಾರ್ನ್ ಆಯಿತು. ಅವಳು ಓಡಿದಳು. ನಾನು ಬಾಗಿಲ ಚೌಕಟ್ಟಿಗೆ ಒರಗಿ, ಕೈಕಟ್ಟಿ ನಿಂತೆ. ಅವನು ಎತ್ತಿಕೊಂಡ. ಅವಳು ಮೇಲಿನ ಕಿಸೆಗೆ ಕೈ ಹಾಕಿದಳು. ಪೆನ್ನಿನ ಮುಚ್ಚಳ ಸಿಕ್ಕಿತು. ಪ್ಯಾಂಟಿನ ಕಿಸೆ ತೋರಿಸೆಂದಳು. ಅವನು ಎರಡನ್ನೂ ಹೊರಗೆಳೆದು ತೋರಿಸಿದ, ಆನೆಯ ಕಿವಿಯಂತೆ ಜೋತುಬಿದ್ದವು. ಏನಿಲ್ಲ, ಕೆಂಪು ಧೂಳು. ಅವಳು ಅವನ ಮುಖ ನೋಡಿದಳು. ತುಟಿ ನಡುಗಿತು. ನಾನು ಕಾಲೊಂದನ್ನು ಮುಂದಿಟ್ಟೆ. ಈಗ ಕೆಳಗಿಳಿಸು ಎನ್ನುತ್ತಾಳೆ, ಕಾಕಾ ಎನ್ನುತ್ತಾಳೆ, ಸೈಕಲ್ಲಿನ ಗಾಳಿ ಬೆಳಿಗ್ಗೆಯೇ ನೋಡಿಟ್ಟಿದ್ದೆ.

“ಮಾಮಾ,” ಎಂದಳು, “ಲೈಟ್ ಹಾಕು.”

ಅವನು ಟಾರ್ಚ್ ಹಾಕಿದ. ಅವಳು ಬಾಯಿ ಅಗಲಿಸಿ, ಬೆರಳು ಹಾಕಿ ಹಿಂದಿನ ಹಲ್ಲು ತೋರಿಸಿದಳು. ಅವನು ಕತ್ತು ಸೊಟ್ಟ ಮಾಡಿ ಒಳಗೆಲ್ಲ ನೋಡಿ ಅಂಗಳದಲ್ಲಿ ಸಾರಿದ. “ಅಕ್ಕಾ! ಗಣಿ ಬಂದ್ ಆಗ್ಯಾದ! ಹೊಸಾದೇನೂ ತೋಡಿಲ್ಲ!”

ಅವಳು ಅವನ ಕೊರಳಿಗೆ ಜೋತುಬಿದ್ದು ಕೇಕೆ ಹಾಕಿದಳು. ಕಿಸೆಗಳು ಇನ್ನೂ ಹೊರಗೇ ಜೋತಾಡುತ್ತಿದ್ದವು. ಒಂದೇ ಸಲದ ಪ್ರಯೋಗದಿಂದ ಏನೂ ಸಾಬೀತಾಗುವುದಿಲ್ಲ ಎಂದು ಹೇಳಲು ನನಗೆ ಗೊತ್ತಿತ್ತು. ಕೇಳುವವರು ಯಾರೂ ಇರಲಿಲ್ಲ.

“ಕಾಕಾ,” ಎಂದು ಅಲ್ಲಿಂದಲೇ ಕೂಗಿದಳು. ಹೃದಯ ಒಂದು ಗಳಿಗೆ ಎದ್ದು ಕುಳಿತಿತು. “ಕಾಕಾ, ನೀರು ತಾ! ಮಾಮಾಗ ಗಂಡೂಷ ತೋರಸ್ತೀನಿ!”

ಒಳಗೆ ಹೋಗಿ ಬೆಳ್ಳಿಯ ಬಟ್ಟಲು ಹುಡುಕಿದೆ, ತಂಬಿಗೆಗೆ ನೀರು ಬಗ್ಗಿಸಿದೆ. ಹೊರಗಿನಿಂದ ಅವನ ದನಿ ಬಂತು.

“ಲೇ ಪಾಯಿಂಟ್ಸ್, ಜಲ್ದಿ ತಾರೋ. ಸ್ವಾಮಿ ಬಾಯಿ ತಕ್ಕೊಂಡು ಕುಂತಾನ.”

ಬರುತ್ತಿದ್ದೇನೆ ಎಂದೆ. ತಂಬಿಗೆಯನ್ನು ಅಂಚಿನವರೆಗೆ ತುಂಬಿಸಿಕೊಂಡೆ. ಕಳೆದ ಸಲದಂತೆ ಈ ಸಲವೂ ಅರ್ಧ ಅವನ ಅಂಗಿಗೇ ಬೀಳಲಿ.